ಪ್ಯಾಡ್ರೆಸ್ ತಂಡದ ಕಂದು ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸ್ಯಾನ್ ಡಿಯಾಗೋಗೆ ಬಂದಿದ್ದು 2004ರಲ್ಲಿ, ಕೆಲಸಕ್ಕೆಂದು. ಆ ವರ್ಷವೇ ಇಲ್ಲಿನ ಹೊಸ ಬೇಸ್‌ಬಾಲ್ ಸ್ಟೇಡಿಯಂ ಶುರುವಾಗಿತ್ತು. ಯಾರೋ ಟಿಕೆಟ್ ಕೊಟ್ಟರು, ಹೋದೆ. ಅಂದಿನಿಂದ ಪ್ಯಾಡ್ರೆಸ್ ನನ್ನ ತಂಡ. ಊರಿಂದ ಬಂದ ನೆಂಟರು, ಫೋನ್ ಮಾಡುವ ಗೆಳೆಯರು, ಇಲ್ಲಿನ ಕನ್ನಡದವರ ಮನೆಯ ಹಬ್ಬದೂಟದಲ್ಲಿ ಪಕ್ಕ ಕೂತವರು, ಎಲ್ಲರೂ ನನ್ನ ಕಂದು ಟೋಪಿ ನೋಡಿ ಪ್ರಶ್ನೆ ಶುರು ಮಾಡುತ್ತಾರೆ. ಕೆಲವರು ಪತ್ರದಲ್ಲೂ ಕೇಳಿದ್ದಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಬರೆದು, ಉತ್ತರ ಕೊಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಪ್ಯಾಡ್ರೆಸ್ ಅಂದ್ರೆ ಯಾರು? ನನಗೆ ಬೇಸ್‌ಬಾಲ್ ಗೊತ್ತೇ ಇಲ್ಲ, ಆದ್ರೂ ಅರ್ಥ ಆಗುತ್ತಾ?

ಆಗುತ್ತದೆ. ಆಟದ ನಿಯಮ ಇಲ್ಲಿ ಬೇಕಾಗಿಲ್ಲ. ಪ್ಯಾಡ್ರೆಸ್ ಅಂದರೆ ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಸ್ಯಾನ್ ಡಿಯಾಗೋ ಊರಿನ ಬೇಸ್‌ಬಾಲ್ ತಂಡ. ಇದೇ ಹೆಸರಿನ ತಂಡ 1936ರಿಂದ ಇಲ್ಲಿ ಸಣ್ಣ ಲೀಗ್‌ನಲ್ಲಿ ಆಡುತ್ತಿತ್ತು. 1969ರಲ್ಲಿ ಮೇಜರ್ ಲೀಗ್‌ಗೆ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ಗೆ, ಹೊಸ ತಂಡ ಬಂದಾಗ ಅದೇ ಹೆಸರು ಉಳಿಸಿಕೊಂಡರು. ಮೊದಲ ವರ್ಷ 52 ಪಂದ್ಯ ಗೆದ್ದರು, 110 ಸೋತರು. 1984 ಮತ್ತು 1998ರಲ್ಲಿ ವರ್ಲ್ಡ್ ಸೀರೀಸ್ ತನಕ, ಅಂದರೆ ಲೀಗ್‌ನ ಫೈನಲ್ ತನಕ, ಹೋದರು, ಎರಡು ಸಲವೂ ಸೋತರು. ಕಪ್ ಇನ್ನೂ ಬಂದಿಲ್ಲ. ಕಪ್ ಇಲ್ಲದ ಊರಿನ ಜನ ಬೇರೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಇಲ್ಲಿಯವರು ಹಿಡಿದುಕೊಂಡಿದ್ದು ಕಂದು ಬಣ್ಣ.

ಅಷ್ಟೊಂದು ಬಣ್ಣ ಇರುವಾಗ ಕಂದೇ ಯಾಕೆ? ಯಾರಾದ್ರೂ ಬೇಕಂತ ಕಂದು ತಗೋತಾರಾ?

ಹೆಸರಿನಲ್ಲೇ ಉತ್ತರ ಇದೆ. ಸ್ಪ್ಯಾನಿಷ್‌ನಲ್ಲಿ ಪಾದ್ರೆ ಅಂದರೆ ತಂದೆ, ಪಾದ್ರಿ. ನಾವು ಕನ್ನಡದಲ್ಲಿ ಹೇಳುವ ಪಾದ್ರಿಯೂ ಇದೇ ಮಾತು, ಪೋರ್ಚುಗೀಸರ ಬಾಯಿಂದ ನಮಗೆ ಬಂದದ್ದು. 1769ರಲ್ಲಿ ಹೂನಿಪೆರೊ ಸೆರ್ರಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಇಲ್ಲಿ ಒಂದು ಮಿಷನ್ ಕಟ್ಟಿದರು. ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಎದ್ದ 21 ಮಿಷನ್‌ಗಳಲ್ಲಿ ಅದೇ ಮೊದಲನೆಯದು. ನಮ್ಮಲ್ಲಿ ಸನ್ಯಾಸಿ ಅಂದರೆ ಕಾವಿ ನೆನಪಾಗುತ್ತದೆ ಅಲ್ವಾ, ಹಾಗೆ ಫ್ರಾನ್ಸಿಸ್ಕನ್ ಸನ್ಯಾಸಿ ಅಂದರೆ ಕಂದು ನಿಲುವಂಗಿ. ಮಿಷನ್ ಶುರುವಾಗಿ ಸರಿಯಾಗಿ 200 ವರ್ಷಕ್ಕೆ ತಂಡ ಮೇಜರ್ ಲೀಗ್‌ಗೆ ಬಂತು, ಆ ನಿಲುವಂಗಿಯ ಬಣ್ಣವನ್ನೇ ತೊಟ್ಟಿತು. ತಂಡದ ಗುರುತಿನಲ್ಲೂ ಕಂದು ಅಂಗಿಯ, ದುಂಡು ಹೊಟ್ಟೆಯ ಸನ್ಯಾಸಿಯೊಬ್ಬ ಬ್ಯಾಟ್ ಬೀಸುತ್ತಿದ್ದಾನೆ.

ಯಾವ ಥರದ ಕಂದು?

ಡಿಕಾಕ್ಷನ್ ನೆನಪು ಮಾಡಿಕೊಳ್ಳಿ. ಹಾಲು ಹಾಕುವ ಮುಂಚಿನದು. ಅದರ ಜೊತೆಗೆ ಬರುವ ಹಳದಿಗೆ ತಂಡದವರು ಚಿನ್ನದ ಬಣ್ಣ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಅರಿಶಿನದ ಬಣ್ಣ.

ಒಂದು ಬಟ್ಟೆ ಬಣ್ಣಕ್ಕೆ ದೊಡ್ಡವರು ಇಷ್ಟೊಂದು ತಲೆ ಕೆಡಿಸಿಕೊಳ್ಳೋದಾ?

ಊರಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಕೇಳಿದ ಪ್ರಶ್ನೆ ಇದು. ಅವರಿಗೆ ನಾನು ಲೀಗ್‌ನ ಎಲ್ಲ 30 ತಂಡಗಳ ಟೋಪಿಗಳ ಚಿತ್ರ ತೋರಿಸಿದೆ. ಡಾಡ್ಜರ್ಸ್ ನೀಲಿ. ಕಬ್ಸ್ ನೀಲಿ. ರಾಯಲ್ಸ್ ನೀಲಿ. ಮೆಟ್ಸ್, ರೇಂಜರ್ಸ್, ಬ್ಲೂ ಜೇಸ್ ನೀಲಿ. ಯಾಂಕೀಸ್, ಬ್ರೂವರ್ಸ್, ಟೈಗರ್ಸ್ ಕಡು ನೀಲಿ. ಮಿಕ್ಕವರಲ್ಲಿ ಜಾಸ್ತಿ ಕೆಂಪು, ಕಪ್ಪು, ಮತ್ತೆ ಕಡು ನೀಲಿ. ಕಂದು ಹುಡುಕಿ ಅಂದೆ. ಅವರ ಬೆರಳು ಒಂದೇ ಕಡೆ ನಿಂತಿತು.

ಇಷ್ಟೇ ವಿಷಯ. ಸೇಂಟ್ ಲೂಯಿಸ್ ಬ್ರೌನ್ಸ್ ಎಂಬ ತಂಡ 1953ರ ನಂತರ ಬಾಲ್ಟಿಮೋರ್‌ಗೆ ಹೋಗಿ ಕಿತ್ತಳೆ ಬಣ್ಣದ ಓರಿಯೋಲ್ಸ್ ಆಯಿತು. ಅದಾದ ಮೇಲೆ ಮೇಜರ್ ಲೀಗ್‌ನಲ್ಲಿ ಕಂದು ಅಂದರೆ ಸ್ಯಾನ್ ಡಿಯಾಗೋ ಒಂದೇ. ಪರಊರಿನ ವಿಮಾನ ನಿಲ್ದಾಣದಲ್ಲಿ ದೂರದಿಂದ ಒಂದು ಕಂದು ಟೋಪಿ ಕಂಡರೆ ಸಾಕು, ಅಕ್ಷರ ಓದುವ ಮುಂಚೆಯೇ ನಮ್ಮೂರಿನವರು ಅಂತ ಗೊತ್ತಾಗುತ್ತದೆ. ನೀಲಿ ಟೋಪಿಯಲ್ಲಿ ಆ ಸುಖ ಇಲ್ಲ. ಹತ್ತಿರ ಹೋಗಿ ಅಕ್ಷರ ನೋಡಬೇಕು.

ಇನ್ನೂ ಒಂದು ಇದೆ. ಆಟಗಾರರು ಬರುತ್ತಾರೆ, ಹೋಗುತ್ತಾರೆ. ಮಾಲೀಕರು ಮಾರಿ ಹೋಗುತ್ತಾರೆ. ಸ್ಟೇಡಿಯಂ ಕೂಡ ಬದಲಾಗುತ್ತದೆ. ಅಭಿಮಾನಿಯ ಕೈಯಲ್ಲಿ ಉಳಿಯುವುದು ಅವನು ದುಡ್ಡು ಕೊಟ್ಟು ತಂದ, ಬೆವರು ಹತ್ತಿದ ಆ ಟೋಪಿ. ಅದರ ಬಣ್ಣ ಬದಲಾಯಿಸಿದರೆ ನಿನ್ನೆಯವರೆಗೆ ತಂಡದ್ದಾಗಿದ್ದ ಟೋಪಿ ಇವತ್ತು ಹಳೇ ಸಾಮಾನು ಆಗುತ್ತದೆ. ನೋವಾಗದೆ ಇರುತ್ತದಾ?

## ಬಣ್ಣ ಬದಲಾದ ಕಥೆ

ಒಟ್ಟು ಎಷ್ಟು ಸಲ ಬದಲಾಯಿಸಿದ್ದಾರೆ? ಲೆಕ್ಕ ಸಿಗ್ತಾ ಇಲ್ಲ.

ಸಿಗುವುದು ಕಷ್ಟವೇ. 1969ರಲ್ಲಿ ಕಂದು ಮತ್ತು ಹಳದಿ. 1972ರಲ್ಲಿ ತಲೆಯಿಂದ ಕಾಲಿನವರೆಗೆ ಹಳದಿ ಡ್ರೆಸ್ ಬಂತು. 1980ರಲ್ಲಿ ಕಿತ್ತಳೆಯೂ ಸೇರಿತು. 1985ರಲ್ಲಿ ಹಳದಿ ಹೋಯಿತು, ಬಿಳಿ ಬಟ್ಟೆಯ ಮೇಲೆ ಕಂದು ಸಪೂರ ಗೀಟುಗಳು ಬಂದವು. 1991ರಲ್ಲಿ ಕಂದೇ ಹೋಯಿತು. ಕಡು ನೀಲಿ ಬಂತು, ಕಿತ್ತಳೆ ಉಳಿಯಿತು. 2004ರಲ್ಲಿ ಕಿತ್ತಳೆ ಹೋಗಿ ಮರಳಿನ ಬಣ್ಣ ಬಂತು. 2011ರಲ್ಲಿ ಮರಳು ಬಣ್ಣದ ಡ್ರೆಸ್ ಹೋಗಿ ಬೂದು ಬಂತು, ಮುಂದಿನ ವರ್ಷದ ಹೊತ್ತಿಗೆ ಉಳಿದದ್ದು ನೀಲಿ, ಬಿಳಿ ಮಾತ್ರ. 2016ರಲ್ಲಿ ಒಂದು ವರ್ಷ ನೀಲಿಗೆ ಹಳದಿ ಅಂಚು ಹಾಕಿದರು, ಮರುವರ್ಷ ತೆಗೆದರು. 2020ರಲ್ಲಿ ಕಂದು, ಹಳದಿ ಎರಡೂ ವಾಪಸ್ ಬಂದವು.

ಅಷ್ಟು ಹೊತ್ತಿನಲ್ಲಿ ಯಾಂಕೀಸ್ ತಂಡದ ಮನೆಯಂಗಳದ ಡ್ರೆಸ್ ನೋಡಿದರೆ ಅಜ್ಜ, ಮೊಮ್ಮಗ ಇಬ್ಬರೂ ಒಂದೇ ಬಟ್ಟೆ ಗುರುತು ಹಿಡಿಯುತ್ತಾರೆ. ಇಲ್ಲಿ ಒಂದೇ ಮನೆಯಲ್ಲಿ ಅಜ್ಜನದು ಕಂದು, ಅಪ್ಪನದು ನೀಲಿ, ಮಗುವಿನದು ಮತ್ತೆ ಕಂದು.

ಹಳದಿ ಡ್ರೆಸ್ ನೋಡಿ ಬೇರೆ ಊರಿನವರು ನಗ್ತಿದ್ರಂತೆ, ನಿಜವಾ?

ನಿಜ. ಎಪ್ಪತ್ತರ ದಶಕದ ಆ ಡ್ರೆಸ್‌ನ ಚಿತ್ರ ನೋಡಿದರೆ ನನಗೆ ಅರಿಶಿನ ಶಾಸ್ತ್ರದ ಮದುಮಗ ನೆನಪಾಗುತ್ತಾನೆ. ಆಮೇಲೆ ಬಂದ ಕಂದು, ಹಳದಿ, ಕಿತ್ತಳೆ ಸೇರಿದ ಡ್ರೆಸ್‌ಗೆ ಟಾಕೋ ಬೆಲ್ ಡ್ರೆಸ್ ಅಂತ ಹೆಸರು ಬಿತ್ತು. ಟಾಕೋ ಬೆಲ್ ಅಂದರೆ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ತಿಂಡಿ ಅಂಗಡಿಗಳ ಸರಪಳಿ. ಅದರ ಬಣ್ಣಗಳೂ ಆಗ ಹೀಗೆಯೇ ಇದ್ದವು.

ಮೊದಲು ಅಣಕಿಸಲು ಇಟ್ಟ ಹೆಸರು ಅದು. ಈಗ ಅದನ್ನೇ ಇಲ್ಲಿಯವರು ಮುದ್ದಿನಿಂದ ಹೇಳುತ್ತಾರೆ. ಮನೆಯಲ್ಲಿ ಪುಟ್ಟಿ, ಗುಂಡ ಅಂತ ಕರೆಯುತ್ತೇವಲ್ಲ, ಹಾಗಾಗಿದೆ. ಆದರೆ ಹೊರಗಿನವರು ಅದೇ ಮಾತು ಹೇಳಿದರೆ ಇಂದಿಗೂ ಚುಚ್ಚುತ್ತದೆ.

ಜನಕ್ಕೆ ಅಷ್ಟು ಇಷ್ಟ ಇದ್ದಿದ್ರೆ 1991ರಲ್ಲಿ ಕಂದು ತೆಗೆದಿದ್ದು ಯಾಕೆ?

ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಆಗ ಅಷ್ಟು ಇಷ್ಟ ಇರಲಿಲ್ಲ. ತಂಡ ವರ್ಷವರ್ಷ ಸೋಲುತ್ತಿತ್ತು, ಸೋಲಿನ ಜೊತೆಗೆ ಬಣ್ಣಕ್ಕೂ ಬೈಗುಳ ಸಿಗುತ್ತಿತ್ತು. ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್ 1974ರಲ್ಲಿ ತಂಡವನ್ನು ಕೊಂಡಿದ್ದರು. ಅವರು ಕೊಳ್ಳದೆ ಇದ್ದಿದ್ದರೆ ತಂಡ ವಾಷಿಂಗ್ಟನ್‌ಗೆ ಗಂಟುಮೂಟೆ ಕಟ್ಟುವುದರಲ್ಲಿತ್ತು. 1984ರ ಜನವರಿಯಲ್ಲಿ ಅವರು ತೀರಿಕೊಂಡರು, ಅದೇ ವರ್ಷ ತಂಡ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ ಹೋಯಿತು. ಆಟಗಾರರ ತೋಳಿನ ಮೇಲೆ ಅವರ ಹೆಸರಿನ ಮೊದಲಕ್ಷರಗಳಿದ್ದವು.

ಕ್ರಾಕ್ ಅವರ ಹೆಂಡತಿ ಜೋನ್ 1990ರಲ್ಲಿ ತಂಡ ಮಾರಿದರು. ಟಾಮ್ ವರ್ನರ್ ಮುಂದಾಳಾಗಿದ್ದ ಗುಂಪು ಕೊಂಡಿತು. ಮುಂದಿನ ವರ್ಷವೇ ಕಡು ನೀಲಿ ಬಂತು. 1992ರಲ್ಲಿ ಆಲ್ ಸ್ಟಾರ್ ಪಂದ್ಯ, ಅಂದರೆ ಎಲ್ಲ ತಂಡಗಳ ಆಯ್ದ ಆಟಗಾರರು ಆಡುವ ಪಂದ್ಯ, ಈ ಊರಿನಲ್ಲೇ ನಡೆಯುವುದಿತ್ತು. ದೇಶವೆಲ್ಲ ನೋಡುವಾಗ ಗಂಭೀರವಾಗಿ ಕಾಣಬೇಕು ಅನ್ನಿಸುವುದು ಸಹಜ.

ನನ್ನ ಲೆಕ್ಕ ಹೀಗಿದೆ. 1984ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವನಿಗೆ 2016ರಲ್ಲಿ ನಲವತ್ತು. ಬೈದವರು ಆಗಿನ ದೊಡ್ಡವರು. ವಾಪಸ್ ಕೊಡಿ ಅಂದವರು ಆಗಿನ ಮಕ್ಕಳು. ಮಕ್ಕಳಿಗೆ ಬಣ್ಣ ಚೆಂದವಾ ಅಲ್ಲವಾ ಅನ್ನುವುದು ಬೇಕಿರಲಿಲ್ಲ. ಅಪ್ಪನ ಜೊತೆ ಕೂತು ನೋಡಿದ ಬಣ್ಣ ಅದು, ಅಷ್ಟೇ.

1998ರಲ್ಲಿ ವರ್ಲ್ಡ್ ಸೀರೀಸ್‌ಗೆ ಹೋಗಿದ್ದು ನೀಲಿಯಲ್ಲಿ ಅಲ್ವಾ? ಹಾಗಿದ್ರೆ ನೀಲಿಯ ತಪ್ಪೇನು?

ನೀಲಿಯ ತಪ್ಪು ಏನೂ ಇಲ್ಲ. ಇದನ್ನು ಕಂದು ಬಣ್ಣದ ಕಟ್ಟಾ ಅಭಿಮಾನಿಗಳಿಗೂ ಹೇಳುತ್ತೇನೆ. 1998ರ ತಂಡ 98 ಪಂದ್ಯ ಗೆದ್ದಿತ್ತು. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್‌ಗೆ ಗಂಟೆಯ ಸದ್ದಿನ ಜೊತೆ ಚೆಂಡು ಎಸೆಯುವ ಟ್ರೆವರ್ ಹಾಫ್‌ಮನ್ ಮೈದಾನಕ್ಕೆ ಓಡಿ ಬರುವುದನ್ನು ನೋಡಿದವರು ಅದನ್ನು ಸಾಯುವವರೆಗೆ ಮರೆಯುವುದಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ನಾಲ್ಕಕ್ಕೆ ನಾಲ್ಕೂ ಗೆದ್ದುಕೊಂಡರು, ನಿಜ. ಆದರೆ ಅದಾಗಿ ಕೆಲವೇ ದಿನಗಳಲ್ಲಿ, ಆ ನವೆಂಬರ್‌ನಲ್ಲಿ, ಹೊಸ ಸ್ಟೇಡಿಯಂ ಬೇಕಾ ಬೇಡವಾ ಅಂತ ಊರಿನ ಜನ ಮತ ಹಾಕಿ ಬೇಕು ಅಂದರು. ಆ ನೀಲಿ ತಂಡ ಜನರ ಮನಸ್ಸು ಗೆಲ್ಲದೆ ಇದ್ದಿದ್ದರೆ ನಾನು ಇವತ್ತು ಕೂರುವ ಸೀಟು ಇರುತ್ತಿತ್ತೋ ಇಲ್ಲವೋ.

ಸ್ಯಾನ್ ಡಿಯಾಗೋ ನೌಕಾಪಡೆಯ ಊರು. ಇಲ್ಲಿನ ಎಷ್ಟೋ ಮನೆಗಳಿಗೆ ಕಡು ನೀಲಿ ಅಂದರೆ ಮನೆಯವರ ಯೂನಿಫಾರ್ಮ್. ಅವರಿಗೆ ಆ ಬಣ್ಣ ಪರಕೀಯ ಅಲ್ಲ. ಆದರೆ ಉತ್ತರಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಲಾಸ್ ಏಂಜಲೀಸ್, ಅಲ್ಲಿ ನೀಲಿ ಬಿಳಿಯ ಡಾಡ್ಜರ್ಸ್. ದೊಡ್ಡ ಊರು, ದೊಡ್ಡ ದುಡ್ಡು, ಸಾಲು ಸಾಲು ಕಪ್. 2012ರ ನಂತರ ನಾವೂ ನೀಲಿ ಬಿಳಿಯೇ ಆದಾಗ ದೂರದಿಂದ ಎರಡು ತಂಡ ಒಂದೇ ಥರ ಕಾಣುತ್ತಿದ್ದವು. ಅಣ್ಣನ ಹಳೇ ಅಂಗಿ ತೊಟ್ಟ ತಮ್ಮನ ಹಾಗೆ. ನೀಲಿಯನ್ನು ದ್ವೇಷಿಸದವರಿಗೂ ಅದು ಸಹಿಸಲು ಆಗಲಿಲ್ಲ.

ಮರಳು ಬಣ್ಣದ ಡ್ರೆಸ್ ಚೆನ್ನಾಗಿತ್ತಾ?

ನನ್ನ ಮೊದಲ ಪ್ಯಾಡ್ರೆಸ್ ಅದೇ, ಹಾಗಾಗಿ ನನಗೆ ಇಷ್ಟ. 2004ರಲ್ಲಿ ಶುರುವಾದ ಸ್ಟೇಡಿಯಂ, ಪೆಟ್ಕೊ ಪಾರ್ಕ್‌ನ ಗೋಡೆಗಳೂ ಮರಳುಗಲ್ಲಿನ ಬಣ್ಣದವು. ಸ್ಟೇಡಿಯಂ, ಕಡಲತೀರ, ಡ್ರೆಸ್ ಮೂರೂ ಹೊಂದಲಿ ಅಂತ ಮಾಡಿದ್ದರು. ಆದರೆ ದೂರದ ಸೀಟಿನಿಂದ ನೋಡಿದರೆ ಅದು ಒಗೆದು ಒಗೆದು ಮಾಸಿದ ಬಿಳಿಯ ಹಾಗೆ ಕಾಣುತ್ತಿತ್ತು.

## ಕಂದು ವಾಪಸ್ ಬಂದದ್ದು

ವಾಪಸ್ ತರೋಕೆ ಜನ ಏನು ಮಾಡಿದ್ರು? ಧರಣಿ ಕೂತ್ರಾ?

ಧರಣಿ ಇಲ್ಲ. ಸುಮ್ನೆ ಕಂದು ತೊಟ್ಟರು. ವರ್ಷಗಟ್ಟಲೆ ತೊಟ್ಟರು.

ಬ್ರಿಂಗ್ ಬ್ಯಾಕ್ ದ ಬ್ರೌನ್, ಅಂದರೆ ಕಂದು ವಾಪಸ್ ತನ್ನಿ, ಅನ್ನುವ ಮಾತು ಅಭಿಮಾನಿಗಳ ನಡುವೆ ಹುಟ್ಟಿತು. ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು, ರಟ್ಟಿನ ಮೇಲೆ ಬರೆದುಕೊಂಡು ಬಂದರು. ನನ್ನ ಪಕ್ಕದ ಸೀಟಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಹಡಗು ಕಟ್ಟುವ ಕಡೆ ಕೆಲಸ ಮಾಡಿ ನಿವೃತ್ತರಾದವರು. 1969ರಲ್ಲಿ ಹುಡುಗನಾಗಿದ್ದಾಗ ಅಪ್ಪನ ಜೊತೆ ಮೊದಲ ಪಂದ್ಯ ನೋಡಿದ್ದರಂತೆ. ಅವರ ತಲೆಯ ಮೇಲೆ ಯಾವಾಗಲೂ ಒಂದೇ ಟೋಪಿ. ಕಂದು ಟೋಪಿ, ಹಣೆಯ ಮೇಲೆ ಹಳದಿ ತುಂಡು, ಅದರಲ್ಲಿ ಎಸ್‌ಡಿ ಅಕ್ಷರ. ಬಿಸಿಲಿಗೆ ಕಂದು ಮಾಸಿ ಒಣಗಿದ ಎಲೆಯ ಬಣ್ಣ ಆಗಿತ್ತು. ಹೊಸ ನೀಲಿ ಟೋಪಿ ಯಾಕೆ ಕೊಂಡಿಲ್ಲ ಅಂತ ಕೇಳಿದೆ. ತಂಡ ಎಲ್ಲೋ ಹೋಗಿದೆ, ಬರುತ್ತದೆ, ಅಲ್ಲಿಯವರೆಗೆ ಇದನ್ನು ಹಾಕಿಕೊಂಡು ಕಾಯುತ್ತೇನೆ ಅನ್ನುವ ಅರ್ಥದಲ್ಲಿ ಹೇಳಿದರು. ನಾನು ನೀಲಿ ಟೋಪಿಯಲ್ಲಿ ಅವರ ಪಕ್ಕ ಕೂತಿದ್ದೆ. ಕಂದು ಬಣ್ಣದ ಅರ್ಥ ನನಗೆ ತಿಳಿದದ್ದು ಅವರಿಂದ.

ಆಗೀಗ ತಂಡ ಹಳೇ ಡ್ರೆಸ್ ತೊಟ್ಟು ಆಡುವ ದಿನಗಳಿರುತ್ತಿದ್ದವು. ಆ ದಿನ ಸ್ಟೇಡಿಯಂನ ಗದ್ದಲವೇ ಬೇರೆ. 2016ರಲ್ಲಿ ಆಲ್ ಸ್ಟಾರ್ ಪಂದ್ಯ ಪೆಟ್ಕೊ ಪಾರ್ಕ್‌ಗೆ ಬಂದಾಗ ಹೋಮ್ ರನ್ (ನಮ್ಮ ಸಿಕ್ಸರ್ ಥರ, ಚೆಂಡನ್ನು ಮೈದಾನದಾಚೆ ಹೊಡೆಯುವುದು) ಸ್ಪರ್ಧೆಗೆ ಲೀಗ್‌ನವರೇ ಕಂದು ಹಳದಿ ಜರ್ಸಿ ಮಾಡಿಸಿದರು. ಬೇರೆ ಬೇರೆ ತಂಡದ ದೊಡ್ಡ ಹೊಡೆತಗಾರರೆಲ್ಲ ನಮ್ಮ ಬಣ್ಣ ತೊಟ್ಟು ನಿಂತಿದ್ದರು. ನಮ್ಮ ತಂಡದ ದಿನನಿತ್ಯದ ಡ್ರೆಸ್ ಮಾತ್ರ ಇನ್ನೂ ನೀಲಿ. ಆ ವರ್ಷದಿಂದ ಶುಕ್ರವಾರದ ಪಂದ್ಯಗಳಿಗೆ ಕಂದು ಜರ್ಸಿ ಬಂತು. ವಾರಕ್ಕೊಂದು ದಿನ ಸಿಕ್ಕರೆ ಹಸಿವು ಕಡಿಮೆ ಆಗುತ್ತದಾ? ಜಾಸ್ತಿ ಆಯಿತು.

ಜನ ಕೇಳ್ತಾನೇ ಇದ್ರಲ್ಲ, ಮತ್ತೆ ಇಷ್ಟು ವರ್ಷ ಯಾಕೆ ಬೇಕಾಯ್ತು?

1991ರಿಂದ 2019ರವರೆಗೆ, 29 ಸೀಸನ್. ಅಷ್ಟರಲ್ಲಿ ಮಾಲೀಕರು ಹಲವು ಸಲ ಬದಲಾದರು. 2012ರಲ್ಲಿ ಕೊಂಡ ಗುಂಪಿನ ಕಾಲಕ್ಕೆ ಈ ಕೂಗು ಗಟ್ಟಿಯಾಯಿತು. ತಂಡದ ಯೂನಿಫಾರ್ಮ್ ಬದಲಾಯಿಸುವುದು ಮನೆಯ ಪರದೆ ಬದಲಾಯಿಸಿದ ಹಾಗೆ ಅಲ್ಲ. ಲೀಗ್‌ಗೆ ಬಹಳ ಮುಂಚೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಬಟ್ಟೆ ಹೊಲಿಯುವವರಿಗೆ, ಅಂಗಡಿಯವರಿಗೆ ಸಮಯ ಕೊಡಬೇಕು. 2020ರಿಂದ ಲೀಗ್‌ನ ಎಲ್ಲ ಡ್ರೆಸ್‌ಗಳೂ ನೈಕಿ ಕಂಪನಿಯ ಕೈಗೆ ಹೋಗುವುದಿತ್ತು, ಹೊಸದು ಶುರು ಮಾಡಲು ಅದು ಒಳ್ಳೆಯ ಸಮಯ.

ಒಂದು ಕೆಲಸವನ್ನು ತಂಡದವರು ಸರಿಯಾಗಿ ಮಾಡಿದರು ಅಂತ ನಾನು ಒಪ್ಪುತ್ತೇನೆ. ಅಭಿಮಾನಿಗಳನ್ನು ಕರೆದು, ಮಾದರಿ ತೋರಿಸಿ, ಅಭಿಪ್ರಾಯ ಕೇಳಿದರು. ಹಿಂದೆ ಯಾರೂ ಹಾಗೆ ಕೇಳಿರಲಿಲ್ಲ.

2020ರಲ್ಲಿ ಕಂದು ಬಂದಾಗ ಹೇಗನ್ನಿಸ್ತು?

ಎದೆ ತುಂಬಿತು, ಅದರ ಜೊತೆಗೇ ಸಂಕಟ ಆಯಿತು.

2019ರ ನವೆಂಬರ್ 9ರಂದು ಪೆಟ್ಕೊ ಪಾರ್ಕ್‌ನಲ್ಲಿ ಹೊಸ ಡ್ರೆಸ್ ತೋರಿಸಿದರು. ಬಿಳಿ ಬಟ್ಟೆಗೆ ಕಂದು ಸಪೂರ ಗೀಟು, ಕಂದು ಟೋಪಿಯ ಮೇಲೆ ಹಳದಿ ಅಕ್ಷರ. ಆ ಚಳಿಗಾಲವೆಲ್ಲ ಊರಿನಲ್ಲಿ ಕಂದು ಟೋಪಿಗಳೇ. ಸೀಸನ್ ಶುರುವಾಗಲು ಕಾಯುತ್ತಿದ್ದೆವು. ಮಾರ್ಚ್‌ನಲ್ಲಿ ಕೋವಿಡ್ ಬಂತು, ಎಲ್ಲ ನಿಂತಿತು. ಜುಲೈ ಕೊನೆಯಲ್ಲಿ ಆಟ ಶುರುವಾಯಿತು, ಆದರೆ ಸ್ಟೇಡಿಯಂ ಖಾಲಿ. ಅಷ್ಟು ವರ್ಷ ಕಾದ ಬಣ್ಣ ಮೈದಾನಕ್ಕೆ ಇಳಿದಾಗ ಚಪ್ಪಾಳೆ ತಟ್ಟಲು ಒಬ್ಬರೂ ಇರಲಿಲ್ಲ. ನಾನು ಮನೆಯ ಟಿವಿ ಮುಂದೆ ಟೋಪಿ ಹಾಕಿಕೊಂಡು ಕೂತಿದ್ದೆ.

ತಂಡ ಚೆನ್ನಾಗಿ ಆಡಿತು, ಅದು ಇನ್ನೂ ಕಷ್ಟ. ಆ ಆಗಸ್ಟ್‌ನಲ್ಲಿ ಸತತ ನಾಲ್ಕು ಪಂದ್ಯಗಳಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ಗ್ರ್ಯಾಂಡ್ ಸ್ಲ್ಯಾಮ್ ಅಂದರೆ ಮೂರು ಬೇಸ್‌ಗಳಲ್ಲೂ ಆಟಗಾರರು ನಿಂತಿರುವಾಗ ಹೊಡೆಯುವ ಹೋಮ್ ರನ್, ಒಂದೇ ಹೊಡೆತಕ್ಕೆ ನಾಲ್ಕು ರನ್. ಟಾಟಿಸ್, ಮೈಯರ್ಸ್, ಮಚಾಡೊ, ಹಾಸ್ಮರ್, ದಿನಕ್ಕೊಬ್ಬರು. ಮೇಜರ್ ಲೀಗ್ ಇತಿಹಾಸದಲ್ಲಿ ಯಾವ ತಂಡವೂ ಅದನ್ನು ಮಾಡಿರಲಿಲ್ಲ. 2006ರ ನಂತರ ಮೊದಲ ಸಲ ಪ್ಲೇಆಫ್‌ಗೂ ಹೋದರು. ಎಲ್ಲವೂ ಖಾಲಿ ಕುರ್ಚಿಗಳ ಮುಂದೆ.

2021ರ ಜೂನ್‌ನಲ್ಲಿ ಸ್ಟೇಡಿಯಂ ಪೂರ್ತಿ ತೆರೆಯಿತು. ನನ್ನ ಪಕ್ಕದ ಸೀಟಿನ ಹಿರಿಯರು ಬಂದರು. ಬರುತ್ತಾರೋ ಇಲ್ಲವೋ ಅಂತ ನಾನು ಒಳಗೊಳಗೇ ಹೆದರಿದ್ದೆ. ಹೊಸ ಟೋಪಿ ಹಾಕಿಕೊಂಡು ಬರಬಹುದು ಅಂದುಕೊಂಡಿದ್ದೆ. ಅದೇ ಹಳೇ ಟೋಪಿ. ಆಟಗಾರರು ಮೈದಾನಕ್ಕೆ ಓಡಿ ಬಂದಾಗ ಅದನ್ನು ತೆಗೆದು ಎದೆಗೆ ಹಿಡಿದುಕೊಂಡರು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಣ್ಣ ಬದಲಾದ ಮೇಲೆ ಗೆಲ್ಲೋಕೆ ಶುರು ಮಾಡಿದ್ರಾ?

ಗೆಲ್ಲಿಸಿದ್ದು ಆಟಗಾರರು, ಅವರಿಗೆ ಸಂಬಳ ಕೊಡಲು ಹಿಂಜರಿಯದ ಮಾಲೀಕ ಪೀಟರ್ ಸೈಡ್ಲರ್. ಅವರು 2023ರ ನವೆಂಬರ್‌ನಲ್ಲಿ ತೀರಿಕೊಂಡಾಗ ಊರಿಗೆ ಊರೇ ಅತ್ತಿತು. ಬಣ್ಣ ಚೆಂಡು ಹೊಡೆಯುವುದಿಲ್ಲ.

ಆದರೆ ನೆನಪುಗಳು ಬಣ್ಣಕ್ಕೆ ಅಂಟಿಕೊಳ್ಳುತ್ತವೆ. 2021ರ ಏಪ್ರಿಲ್ 9ರಂದು ಚೆಂಡು ಎಸೆಯುವ ಜೋ ಮಸ್‌ಗ್ರೋವ್ ಎದುರಾಳಿಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದೆ ಪೂರ್ತಿ ಪಂದ್ಯ ಮುಗಿಸಿದರು. ತಂಡದ ಇತಿಹಾಸದಲ್ಲಿ ಅದೇ ಮೊದಲು, ಅದೂ ಸ್ಯಾನ್ ಡಿಯಾಗೋ ಪಕ್ಕದ ಎಲ್ ಕಹೋನ್‌ನ ಹುಡುಗನಿಂದ. 2022ರ ಅಕ್ಟೋಬರ್‌ನಲ್ಲಿ 111 ಪಂದ್ಯ ಗೆದ್ದಿದ್ದ ಡಾಡ್ಜರ್ಸ್ ತಂಡವನ್ನು ಪ್ಲೇಆಫ್‌ನಲ್ಲಿ 3-1ರಿಂದ ಸೋಲಿಸಿದರು. ಕೊನೆಯ ಪಂದ್ಯ ಪೆಟ್ಕೊ ಪಾರ್ಕ್‌ನಲ್ಲಿ. ಇಲ್ಲಿ ಅಪರೂಪವಾದ ಮಳೆ ಅವತ್ತು ಸುರಿಯಿತು. ಮೂರು ರನ್ ಹಿಂದಿದ್ದವರು ಏಳನೇ ಇನ್ನಿಂಗ್ಸ್‌ನಲ್ಲಿ ಐದು ರನ್ ಗಳಿಸಿದರು. ನೆನೆದ ಕಂದು ಬಟ್ಟೆ ಕಪ್ಪಗೆ ಕಾಣುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ. ಸ್ಟೇಡಿಯಂ ತುಂಬ ಕಪ್ಪಗೆ ನೆನೆದ ಜನ, ಯಾರೂ ಏಳಲಿಲ್ಲ.

2024ರಲ್ಲಿ ಪೆಟ್ಕೊ ಪಾರ್ಕ್‌ಗೆ ಬಂದವರ ಸಂಖ್ಯೆ 33 ಲಕ್ಷ ದಾಟಿತು. ಫುಟ್‌ಬಾಲ್ ತಂಡ ಚಾರ್ಜರ್ಸ್ 2017ರಲ್ಲಿ ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಗಿತ್ತು. ಆ ಗಾಯವೂ ಇದರಲ್ಲಿ ಇದೆ. ಉಳಿದ ಮಗುವನ್ನು ಹೆಚ್ಚು ಅಪ್ಪಿಕೊಳ್ಳುತ್ತಾರಲ್ಲ, ಹಾಗೆ.

## ಆಳಕ್ಕೆ ಇಳಿದವರಿಗೆ

ಟೋನಿ ಗ್ವಿನ್ ಕಂದು ಬಣ್ಣದವರಾ, ನೀಲಿಯವರಾ?

ಇದು ಇಲ್ಲಿಯವರು ತಮ್ಮತಮ್ಮಲ್ಲೇ ವಾದ ಮಾಡುವ ಪ್ರಶ್ನೆ. ಗ್ವಿನ್ 1982ರಿಂದ 2001ರವರೆಗೆ ಬೇರೆ ಯಾವ ತಂಡಕ್ಕೂ ಹೋಗದೆ ಇಲ್ಲೇ ಆಡಿದರು. ಕಾಲೇಜಿನ ಆಟವೂ ಇದೇ ಊರಿನಲ್ಲಿ. 3,141 ಹಿಟ್, ಎಂಟು ಬ್ಯಾಟಿಂಗ್ ಪಟ್ಟ. ಮೊದಲ ಒಂಬತ್ತು ಸೀಸನ್ ಕಂದು ತೊಟ್ಟರು, ನಂತರದ ಹನ್ನೊಂದು ನೀಲಿ. 1984ರ ವರ್ಲ್ಡ್ ಸೀರೀಸ್ ಕಂದಿನಲ್ಲಿ, 1998ರದ್ದು ನೀಲಿಯಲ್ಲಿ. 1994ರಲ್ಲಿ .394 ಬ್ಯಾಟಿಂಗ್ ಸರಾಸರಿ, ಅಂದರೆ ಸಾವಿರ ಪ್ರಯತ್ನಕ್ಕೆ 394 ಹಿಟ್‌ನ ಲೆಕ್ಕ, ತಲುಪಿದ್ದೂ ನೀಲಿಯಲ್ಲೇ.

ಅವರು 2014ರಲ್ಲಿ ತೀರಿಕೊಂಡರು, ಕಂದು ವಾಪಸ್ ಬಂದದ್ದನ್ನು ನೋಡಲಿಲ್ಲ. ಸ್ಟೇಡಿಯಂ ಆವರಣದಲ್ಲಿ ಅವರ ಪ್ರತಿಮೆ ಇದೆ. ಕಂಚಿನದು. ಕಂಚು ಬಿಸಿಲಿನಲ್ಲಿ ಕಂದಾಗಿಯೇ ಕಾಣುತ್ತದೆ ಅಂತ ನಾನು ಹೇಳುತ್ತೇನೆ. ನೀಲಿ ಪಕ್ಷದ ಗೆಳೆಯರು ಒಪ್ಪುವುದಿಲ್ಲ.

ಮಿಷನ್ ಪಾದ್ರಿಗಳ ಬಣ್ಣ ಅಂತ ಹೆಮ್ಮೆ ಪಡ್ತೀರಲ್ಲ, ಅಲ್ಲಿನ ಮೂಲನಿವಾಸಿಗಳಿಗೆ ನೋವಾಗಲ್ವಾ?

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಮಿಷನ್ ಬರುವ ಮುಂಚೆ ಇದು ಕುಮೆಯಾಯ್ ಜನರ ನೆಲ, ಇಂದಿಗೂ ಅವರು ಇಲ್ಲಿದ್ದಾರೆ. ಮಿಷನ್‌ಗಳಲ್ಲಿ ಮೂಲನಿವಾಸಿಗಳನ್ನು ದುಡಿಸಿಕೊಂಡರು, ಹೊಡೆದರು, ಹೊರಗಿನ ರೋಗಗಳಿಂದ ಬಹಳ ಜನ ಸತ್ತರು. 1775ರಲ್ಲಿ ಕುಮೆಯಾಯ್ ಜನ ತಿರುಗಿಬಿದ್ದು ಸ್ಯಾನ್ ಡಿಯಾಗೋ ಮಿಷನ್ ಸುಟ್ಟರು, ಒಬ್ಬ ಪಾದ್ರಿ ಸತ್ತರು. ಬ್ಯಾಟ್ ಬೀಸುವ ಆ ನಗುಮುಖದ ಸನ್ಯಾಸಿಯ ಚಿತ್ರದಲ್ಲಿ ಇದು ಯಾವುದೂ ಇಲ್ಲ.

ನಾನು ಕಂದು ತೊಡುವಾಗ ಆ ಇತಿಹಾಸಕ್ಕೆ ಹೆಮ್ಮೆ ಪಡುತ್ತಿಲ್ಲ. ಪಕ್ಕದ ಸೀಟಿನವರ ಜೊತೆ ಕಳೆದ ಸಂಜೆಗಳಿಗೆ ಹೆಮ್ಮೆ ಪಡುತ್ತೇನೆ. ಆದರೆ ಮಗಳು ಈ ಬಣ್ಣ ಎಲ್ಲಿಂದ ಬಂತು ಅಂತ ಕೇಳಿದಾಗ ನಿಲುವಂಗಿಯ ಕಥೆಯ ಜೊತೆಗೆ 1775ರ ಕಥೆಯನ್ನೂ ಹೇಳಿದೆ. ಅರ್ಧ ಹೇಳಿದರೆ ಸುಳ್ಳು ಹೇಳಿದ ಹಾಗೆ.

ಭಾನುವಾರ ಸೈನಿಕರ ಡ್ರೆಸ್ ಥರದ್ದು ಹಾಕ್ತಾರಲ್ಲ, ಅದಕ್ಕೆ ಯಾರೂ ಬೈಯಲ್ವಾ?

ಕಡಿಮೆ. ಸೈನ್ಯದವರ ಗೌರವಕ್ಕೆ 2000ದಲ್ಲಿ ಶುರುವಾದದ್ದು ಅದು. ಭಾನುವಾರ ಮರೀನ್ ಪಡೆಗೆ ಹೊಸದಾಗಿ ಸೇರಿದ ಹುಡುಗರು ಸಾಲಾಗಿ ಬಂದು ಮೇಲಿನ ಸೀಟುಗಳಲ್ಲಿ ಕೂರುತ್ತಾರೆ. ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಬಣ್ಣ ಹೊಂದುವುದಿಲ್ಲ ಅನ್ನುವವರೂ ಆ ಹುಡುಗರ ಮುಖ ನೋಡಿ ಸುಮ್ಮನಾಗುತ್ತಾರೆ.

ಗುಲಾಬಿ, ತಿಳಿ ಹಸಿರು, ಹಳದಿಯ ಆ ಹೊಸ ಡ್ರೆಸ್? ಅದಕ್ಕೂ ಸಿಟ್ಟು ಬಂತಾ?

ನನಗೆ ಬರಲಿಲ್ಲ. 2022ರಲ್ಲಿ ಬಂದ ಸಿಟಿ ಕನೆಕ್ಟ್, ಅಂದರೆ ಊರಿನ ಗುರುತು ತೋರಿಸುವ ಡ್ರೆಸ್ ಅದು. ಬಿಳಿ ಜರ್ಸಿ, ಒಂದು ತೋಳು ಗುಲಾಬಿ, ಇನ್ನೊಂದು ತೋಳು ತಿಳಿ ಹಸಿರು. ಗಡಿಯಾಚೆಯ ಟಿಜುವಾನಾ ಮತ್ತು ಈಚೆಯ ಸ್ಯಾನ್ ಡಿಯಾಗೋ ಎರಡರ ಬಣ್ಣವೂ ಸೇರಲಿ ಅಂತ ಮಾಡಿದ್ದು. ಟಿಜುವಾನಾದಿಂದ ಗಡಿ ದಾಟಿ ಪಂದ್ಯಕ್ಕೆ ಬರುವ ಕುಟುಂಬಗಳು ಬಹಳ. ಅವರಿಗಾಗಿ ಈ ಊರು ಹಿಂದೆಂದೂ ಒಂದು ಬಟ್ಟೆ ಹೊಲಿಸಿರಲಿಲ್ಲ.

ಎರಡನೇ ಬಟ್ಟೆಗೆ ಕೋಪ ಬರದಿರಲು ಕಾರಣ ಮೊದಲನೇ ಬಟ್ಟೆ ಭದ್ರವಾಗಿದೆ. ನೀಲಿ ಬಿಳಿ ಕಾಲದಲ್ಲೇ ಇದು ಬಂದಿದ್ದರೆ ಜನ ರೇಗುತ್ತಿದ್ದರು.

ಬೇರೆ ತಂಡಗಳಲ್ಲೂ ಹೀಗೆ ಆಗಿದೆಯಾ?

ಆಗಿದೆ. ಟೊರಾಂಟೊ ಬ್ಲೂ ಜೇಸ್ ಹೆಸರಿನಲ್ಲೇ ನೀಲಿ ಇಟ್ಟುಕೊಂಡು 2004ರಲ್ಲಿ ಕಪ್ಪಿಗೆ ಹೋಯಿತು, 2012ರಲ್ಲಿ ನೀಲಿಗೆ ಮರಳಿತು. ಹ್ಯೂಸ್ಟನ್ 2013ರಲ್ಲಿ ಹಳೇ ಕಿತ್ತಳೆ ಬಣ್ಣಕ್ಕೆ ವಾಪಸ್ ಬಂತು. ಅರಿಜೋನಾದವರು ನೇರಳೆ ಬಣ್ಣದಲ್ಲಿ 2001ರ ವರ್ಲ್ಡ್ ಸೀರೀಸ್ ಗೆದ್ದು, 2007ರಲ್ಲಿ ಅದನ್ನೇ ಬಿಟ್ಟು ಇಟ್ಟಿಗೆ ಕೆಂಪಿಗೆ ಹೋದರು. ಕಪ್ ಗೆದ್ದ ಬಣ್ಣವನ್ನು ಯಾರಾದರೂ ಬಿಡುತ್ತಾರಾ ಅಂತ ಅಲ್ಲಿನವರು ಇಂದಿಗೂ ಕೇಳುತ್ತಾರೆ.

ಆದರೆ ನನಗೆ ಜಾಸ್ತಿ ನೆನಪಾಗುವುದು ಓಕ್ಲೆಂಡ್. ಅವರ ಹಸಿರು ಹಳದಿ ಎಲ್ಲಿಯೂ ಹೋಗಲಿಲ್ಲ. ತಂಡವೇ ಊರು ಬಿಟ್ಟಿತು. 2023ರ ಜೂನ್‌ನಲ್ಲಿ ಸಾವಿರಾರು ಜನ ಹಸಿರು ಅಂಗಿ ತೊಟ್ಟು ಬಂದು, ತಂಡ ಮಾರಿ ಅಂತ ಮಾಲೀಕರಿಗೆ ಕೂಗಿದರು. 2024ರ ಸೀಸನ್ ಮುಗಿದ ಮೇಲೆ ತಂಡ ಹೊರಟುಹೋಯಿತು. ಬಣ್ಣ ಕಳೆದುಕೊಂಡ ನಮ್ಮ ದುಃಖ ಅವರ ದುಃಖದ ಮುಂದೆ ಚಿಕ್ಕದು. ಅದನ್ನು ನಾನು ಮರೆಯುವುದಿಲ್ಲ.

ಆರ್‌ಸಿಬಿ ಕೂಡ ಬಣ್ಣ ಬದಲಾಯಿಸ್ತಲ್ಲ, ಅದೂ ಇದೂ ಒಂದೇನಾ?

ಬೆಂಗಳೂರಿನ ಗೆಳೆಯರು ತಪ್ಪದೆ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಬ್ಯಾಂಗಲೂರ್ ಹೋಗಿ ಬೆಂಗಳೂರು ಆದಾಗ, ಜರ್ಸಿಯ ಕಪ್ಪಿನ ಜಾಗಕ್ಕೆ ನೀಲಿ ಬಂತು. ಕೆಂಪು ಉಳಿಯಿತು. ಕೆಂಪನ್ನು ತೆಗೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನೋಡಿ, ಆಗ ಸ್ಯಾನ್ ಡಿಯಾಗೋದ 1991 ಅರ್ಥವಾಗುತ್ತದೆ. 2011ರಿಂದ ವರ್ಷಕ್ಕೊಂದು ಪಂದ್ಯಕ್ಕೆ ತೊಡುವ ಹಸಿರು ಜರ್ಸಿ ನಮ್ಮ ಭಾನುವಾರದ ಡ್ರೆಸ್ ಇದ್ದ ಹಾಗೆ. ಒಂದು ಕಾರಣಕ್ಕಾಗಿ, ಒಂದು ದಿನಕ್ಕಾಗಿ.

2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಾಗ ಇಲ್ಲಿ ಬೆಳಗಿನ ಹೊತ್ತು. ಕಂದು ಟೋಪಿ ಹಾಕಿಕೊಂಡೇ ಕಣ್ಣೀರು ಒರೆಸಿಕೊಂಡೆ. ಒಂದು ತಂಡದ ಕಾಯುವಿಕೆ ಮುಗಿಯಿತು, ಇನ್ನೊಂದು ಉಳಿದಿದೆ.

ನಾವು ಸ್ಯಾನ್ ಡಿಯಾಗೋಗೆ ಬರ್ತಿದ್ದೀವಿ. ಹಳೇ ನೀಲಿ ಪ್ಯಾಡ್ರೆಸ್ ಟೋಪಿ ಹಾಕಿಕೊಂಡು ಬಂದ್ರೆ ಬೈತಾರಾ?

ಯಾರೂ ಬೈಯುವುದಿಲ್ಲ. ನೀಲಿ, ಮರಳು, ಕಿತ್ತಳೆ, ಟಾಕೋ ಬೆಲ್ ಹಳದಿ, ಎಲ್ಲವನ್ನೂ ಒಂದೇ ಸಾಲಿನಲ್ಲಿ ನೋಡಬಹುದು. ಎಡಗಡೆ ಮೂಲೆಯಲ್ಲಿ 1909ರ ಹಳೇ ಇಟ್ಟಿಗೆ ಕಟ್ಟಡ ಒಂದು ಸ್ಟೇಡಿಯಂನ ಭಾಗವೇ ಆಗಿ ನಿಂತಿದೆ, ಅದನ್ನು ತಪ್ಪದೆ ನೋಡಿ. ಡಾಡ್ಜರ್ಸ್ ನೀಲಿ ತೊಟ್ಟು ಬಂದರೆ ಮಾತ್ರ ಕೂಗು ಕೇಳಬೇಕಾಗುತ್ತದೆ.

ನಿಮ್ಮ ಹಳೇ ನೀಲಿ ಟೋಪಿ ಏನಾಯ್ತು? ಬಿಸಾಡಿದ್ರಾ?

ಇಲ್ಲ. ನನ್ನ ಮೊದಲ ಪಂದ್ಯದ ದಿನ ಕೊಂಡ ಟೋಪಿ ಅದು, ಬಿಸಾಡಲು ಮನಸ್ಸು ಬರಲಿಲ್ಲ. ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೆ. ಕಳೆದ ವರ್ಷ ಮಗಳಿಗೆ ಅದು ಸಿಕ್ಕಿತು. ಧೂಳು ಕೊಡವಿ, ತಲೆಗೆ ಹಾಕಿಕೊಂಡು ಶಾಲೆಗೆ ಹೋದಳು. ಸಂಜೆ ಬಂದವಳು, ಅಪ್ಪಾ, ಎಲ್ಲರೂ ಇದು ಎಲ್ಲಿ ಸಿಕ್ಕಿತು ಅಂತ ಕೇಳಿದರು, ಈ ಬಣ್ಣ ಈಗ ಯಾಕೆ ಮಾಡುವುದಿಲ್ಲ ಅಂದಳು. ಅವಳಿಗೆ ನೀಲಿಯೇ ಹಳೇ ಕಾಲದ, ಸಿಗದೆ ಹೋದ ಬಣ್ಣ. ಈಗ ಟೋಪಿ ಅವಳ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿದೆ. ವಾಪಸ್ ಕೇಳಿಲ್ಲ.